ಮಂಚದ ಸಂದಿನ ಚರಿತ್ರೆ

ಈ ಭಾಷಣಕ್ಕೆ ತಿಗಣೆಯನ್ನು ವಿಷಯವಾಗಿ ಆರಿಸಿಕೊಂಡಿದ್ದೇನೆಂದು ಹೇಳಿದಾಗ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು. ನಕ್ಕವರಲ್ಲಿ ಒಬ್ಬರಾದರೂ ತಮ್ಮ ಹಾಸಿಗೆಯಲ್ಲಿ ಎಂದಾದರೂ ತಿಗಣೆ ಇದ್ದುದುಂಟೆಂದು ಒಪ್ಪಿಕೊಳ್ಳಲಿಲ್ಲ. ತಿಗಣೆ ಯಾವಾಗಲೂ ಇನ್ನೊಬ್ಬರ ಮನೆಯದು; ನಮ್ಮ ಮನೆಯಲ್ಲಿ ಕಂಡರೂ ಅದು ಇನ್ನೊಬ್ಬರಿಂದ ಬಂದದ್ದು. ಅರಸರ, ಕಾಳಗಗಳ ಚರಿತ್ರೆಯನ್ನು ಅನೇಕರು ಬರೆದಿದ್ದಾರೆ. ಮಂಚದ ಸಂದಿನಲ್ಲಿ ಅಡಗಿ ಕುಳಿತ ಈ ಪ್ರಾಣಿಯ ಚರಿತ್ರೆಯನ್ನು ನೋಡಿದರೆ, ಅದರಲ್ಲಿ ಹುಳುವಿನ ಸಂಗತಿಗಿಂತ ಮನುಷ್ಯನ ಸಂಗತಿಯೇ ಹೆಚ್ಚಾಗಿ ಕಾಣುತ್ತದೆ. ಅದನ್ನು ಹೇಳುವಾಗ ನನ್ನದೇ ಒಂದು ಹಳೆಯ ತಪ್ಪನ್ನೂ ಹೇಳಬೇಕಾಗುತ್ತದೆ. ಶ್ರೋತೃಗಳು ತಾಳ್ಮೆಯಿಂದ ಕೇಳಬೇಕು.

ನಾನು ಹುಟ್ಟಿ ಬೆಳೆದದ್ದು ಕುಷ್ಟಗಿಯಲ್ಲಿ. 1948ರವರೆಗೆ ನಿಜಾಮರ ಆಳಿಕೆಯಲ್ಲಿದ್ದು, 1956ರಲ್ಲಿ ರಾಯಚೂರು ಜಿಲ್ಲೆಯೊಡನೆ ಅಂದಿನ ಮೈಸೂರು ರಾಜ್ಯವನ್ನು ಸೇರಿ, 1997ರಿಂದ ಕೊಪ್ಪಳ ಜಿಲ್ಲೆಯ ತಾಲ್ಲೂಕಾಗಿರುವ ಊರು ಅದು. ಮಳೆ ಕಡಿಮೆ, ಬಿಸಿಲು ಹೆಚ್ಚು. ಅದಕ್ಕೆ ತಕ್ಕಂತೆ ನಮ್ಮ ಕಡೆಯ ಹಳೆಯ ಮನೆಗಳು ಕಲ್ಲುಮಣ್ಣಿನ ದಪ್ಪ ಗೋಡೆಯವು. ತೊಲೆ ಜಂತಿಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆಯವು. ಬೇಸಿಗೆಯಲ್ಲಿ ಒಳಗೆ ತಂಪು. ಆದರೆ ಜಂತಿಯ ಸಂದು, ಗೋಡೆಯ ಬಿರುಕು, ಹೊರಸಿನ ಹಗ್ಗದ ಗಂಟು, ತೊಟ್ಟಿಲ ಕೀಲು, ದೇವರ ಪಟದ ಹಿಂಬದಿ ಇವೆಲ್ಲ ಸೇರಿದರೆ ತಿಗಣೆಗೆ ಒಂದು ಊರೇ ಸಿದ್ಧವಾದಂತೆ. ನಮ್ಮ ಆಡುಮಾತಿನಲ್ಲಿ ಅದು ತಗಣಿ. ನಿಜಾಮರ ಕಾಲದ ಕಚೇರಿಯ ಉರ್ದುವಿನಲ್ಲಿ ಖಟ್ಮಲ್. ಮಂಚವೆಂಬ ಅರ್ಥದ ಖಾಟ್ ಶಬ್ದ ಆ ಹೆಸರಿನೊಳಗೇ ಇದೆ. ಸಂಸ್ಕೃತದಲ್ಲಿ ಮತ್ಕುಣ. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಅದಕ್ಕೆ ಕೊಟ್ಟ ಶಾಸ್ತ್ರೀಯ ಹೆಸರು ಸೈಮೆಕ್ಸ್ ಲೆಕ್ಟುಲೇರಿಯಸ್; ಅಲ್ಲಿಯೂ ಹಾಸಿಗೆಗೆ ಲ್ಯಾಟಿನ್ನಿನಲ್ಲಿರುವ ಹೆಸರೇ ಸೇರಿಕೊಂಡಿದೆ. ನಮ್ಮಂತಹ ಬಿಸಿಸೀಮೆಯಲ್ಲಿ ಹೆಚ್ಚಾಗಿರುವುದು ಅದರ ದಾಯಾದಿ, ಸೈಮೆಕ್ಸ್ ಹೆಮಿಪ್ಟೆರಸ್ ಎಂಬ ಜಾತಿ. ಹೆಸರು ಯಾವುದಾದರೂ ಇರಲಿ, ಅದರ ವಿಳಾಸ ಒಂದೇ: ಮನುಷ್ಯ ಮಲಗುವ ಸ್ಥಳ.

ಈ ನೆರೆಹೊರೆ ಬಹಳ ಹಳೆಯದು. ಈಜಿಪ್ಟಿನ ಅಮರ್ನಾ ಎಂಬಲ್ಲಿ ಮೂರು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದಿನ ಕೆಲಸಗಾರರ ಕೇರಿಯನ್ನು ಅಗೆದಾಗ, ಮಣ್ಣಿನಲ್ಲಿ ತಿಗಣೆಯ ಅವಶೇಷಗಳು ಸಿಕ್ಕಿವೆ. ನಮ್ಮ ಪೂರ್ವಿಕರೂ ಇದನ್ನು ಚೆನ್ನಾಗಿ ಬಲ್ಲವರು. ಲಕ್ಷ್ಮಿ ಕಮಲದಲ್ಲಿ, ಶಿವ ಹಿಮಾಲಯದಲ್ಲಿ, ವಿಷ್ಣು ಹಾಲಿನ ಕಡಲಿನಲ್ಲಿ ಮಲಗುವುದು ತಿಗಣೆಯ ಅಂಜಿಕೆಯಿಂದಲೇ ಇರಬೇಕೆಂದು ಸಂಸ್ಕೃತದ ಸುಭಾಷಿತಕಾರನೊಬ್ಬ ವಿನೋದ ಮಾಡಿದ್ದಾನೆ. ದೇವರಿಗೇ ಹೀಗಾದರೆ ಕುಷ್ಟಗಿಯವರಿಗೆ ನಾಚಿಕೆ ಏಕೆ ಎಂದು ಆ ಶ್ಲೋಕ ನೆನಪಾದಾಗಲೆಲ್ಲ ನನಗೆ ಅನಿಸುತ್ತದೆ.

ಇನ್ನೊಂದು ಕಥೆ ಪಂಚತಂತ್ರದ್ದು. ಕ್ರಿ.ಶ. 1031ರಲ್ಲಿ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದದ್ದು ಸಾಹಿತ್ಯಾಸಕ್ತರಿಗೆಲ್ಲ ತಿಳಿದ ಸಂಗತಿ. ನಾನು ಹೇಳುವ ಕಥೆ ಸಂಸ್ಕೃತ ಪಂಚತಂತ್ರದ ಪಾಠದಲ್ಲಿ ಬರುತ್ತದೆ. ಒಬ್ಬ ಅರಸನ ಹಾಸಿಗೆಯ ಮಡಿಕೆಯಲ್ಲಿ ಮಂದವಿಸರ್ಪಿಣಿ ಎಂಬ ಹೇನು ಬಹುಕಾಲದಿಂದ ಸದ್ದಿಲ್ಲದೆ ಬಾಳಿಕೊಂಡಿತ್ತು. ಅಲ್ಲಿಗೆ ಅಗ್ನಿಮುಖನೆಂಬ ತಿಗಣೆ ಬಂದು ಆಶ್ರಯ ಬೇಡಿತು. ಹೇನು ಒಪ್ಪಿತು. ಅರಸನಿಗೆ ನಿದ್ರೆ ಹತ್ತುವ ಮೊದಲೇ ತಿಗಣೆ ಕಚ್ಚಿತು. ಅರಸ ಎದ್ದು ಕೂಗಿದ. ಸೇವಕರು ದೀಪ ಹಿಡಿದು ಹುಡುಕುವಷ್ಟರಲ್ಲಿ ತಿಗಣೆ ಮಂಚದ ಸಂದಿಗೆ ಸರಿದುಬಿಟ್ಟಿತು. ಬಟ್ಟೆಯ ಮಡಿಕೆಯಲ್ಲಿದ್ದ ಹೇನು ಸಿಕ್ಕಿಬಿದ್ದು ಸತ್ತಿತು. ಶೀಲ ತಿಳಿಯದವರಿಗೆ ಆಶ್ರಯ ಕೊಡಬಾರದೆಂಬುದು ಪಂಚತಂತ್ರಕಾರನ ನೀತಿ. ಆದರೆ ಕಥೆಯಲ್ಲಿ ಇನ್ನೊಂದು ನೀತಿಯೂ ಅಡಗಿದೆಯೆಂದು ನನಗೆ ತೋರುತ್ತದೆ. ಅವಸರದಲ್ಲಿ ಹುಡುಕಿದವರಿಗೆ ಸಿಕ್ಕುವುದು ಕಚ್ಚಿದವನಲ್ಲ, ಕೈಗೆ ಎಟುಕುವವನು.

ವಿಜ್ಞಾನದ ಚರಿತ್ರೆಯಲ್ಲಿ ಇದೇ ಮಾತು ತಿರುವುಮುರುವಾಗಿ ನಡೆದಿದೆ. ಅಲ್ಲಿ ತಿಗಣೆಯೇ ಅಪವಾದಕ್ಕೆ ಗುರಿಯಾಯಿತು. 1897ರಲ್ಲಿ ನಮ್ಮದೇ ನಿಜಾಮ ಸಂಸ್ಥಾನದ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಮಲೇರಿಯದ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡುಹಿಡಿದ ಮೇಲೆ, ರಕ್ತ ಹೀರುವ ಪ್ರತಿಯೊಂದು ಕೀಟದ ಮೇಲೂ ವೈದ್ಯರಿಗೆ ಸಂಶಯ ಹುಟ್ಟಿತು. ಆಗ ಬಂಗಾಲ, ಅಸ್ಸಾಮುಗಳಲ್ಲಿ ಕಾಲಾ ಅಜಾರ್ ಎಂಬ ಜ್ವರ ಊರೂರನ್ನೇ ಬರಿದು ಮಾಡುತ್ತಿತ್ತು. ಮದರಾಸಿನಲ್ಲಿ ಕೆಲಸ ಮಾಡುತ್ತಿದ್ದ ಪ್ಯಾಟನ್ ಎಂಬ ವೈದ್ಯ ವಿಜ್ಞಾನಿ 1907ರಲ್ಲಿ ಆ ರೋಗದ ಪರೋಪಜೀವಿ ತಿಗಣೆಯ ಒಡಲಿನಲ್ಲಿ ಬೆಳೆಯುವುದನ್ನು ಕಂಡು, ರೋಗವನ್ನು ಹರಡುವುದು ತಿಗಣೆಯೇ ಇರಬೇಕೆಂದು ಭಾವಿಸಿದರು. ಹಲವು ವರ್ಷ ಆ ಸಂಶಯ ಉಳಿಯಿತು. ಕೊನೆಗೆ 1942ರಲ್ಲಿ ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಎಂಬ ಮೂವರು ರೋಗ ಹರಡುವುದು ಮರಳುನೊಣವೆಂದು ಪ್ರಯೋಗದಿಂದ ತೋರಿಸಿಕೊಟ್ಟರು. ತಿಗಣೆ ರಕ್ತ ಹೀರುತ್ತದೆ, ತುರಿಕೆ ಎಬ್ಬಿಸುತ್ತದೆ, ನಿದ್ರೆ ಕೆಡಿಸುತ್ತದೆ, ಎಳೆಯ ಮಕ್ಕಳನ್ನು ಬಳಲಿಸುತ್ತದೆ. ಆದರೆ ಅದು ಕಚ್ಚುವುದರಿಂದ ಒಬ್ಬರ ರೋಗ ಇನ್ನೊಬ್ಬರಿಗೆ ಹರಡುತ್ತದೆಂಬುದು ದಿನನಿತ್ಯದ ಅನುಭವದಲ್ಲಿ ಇದುವರೆಗೆ ಸಿದ್ಧವಾಗಿಲ್ಲ. ಹಾಗಾದರೆ ಅದರಿಂದ ಆದ ದೊಡ್ಡ ಹಾನಿಗಳೆಲ್ಲ ಎಲ್ಲಿಂದ ಬಂದವು? ನಾವು ಅದರೊಡನೆ ನಡೆದುಕೊಂಡ ರೀತಿಯಿಂದ ಎಂದೇ ಹೇಳಬೇಕು.

ನಾನು ಹನ್ನೊಂದು ವರ್ಷದವನಿದ್ದಾಗ, 1959ರಲ್ಲಿ, ನಮ್ಮ ಓಣಿಗೆ ಡಿ.ಡಿ.ಟಿ. ಹೊಡೆಯುವವರು ಬಂದರು. ಈ ದ್ರವ್ಯ ಕೀಟಗಳನ್ನು ಕೊಲ್ಲುತ್ತದೆಂಬುದನ್ನು ಸ್ವಿಟ್ಜರ್ಲೆಂಡಿನ ಪಾಲ್ ಮ್ಯೂಲರ್ 1939ರಲ್ಲಿ ಕಂಡುಹಿಡಿದು, 1948ರಲ್ಲಿ ನೊಬೆಲ್ ಪಾರಿತೋಷಕ ಪಡೆದಿದ್ದರು. ನಮ್ಮ ದೇಶದಲ್ಲಿ ಮಲೇರಿಯ ನಿಯಂತ್ರಣದ ಕಾರ್ಯಕ್ರಮ 1953ರಲ್ಲಿ ಆರಂಭವಾಗಿ 1958ರಲ್ಲಿ ನಿರ್ಮೂಲನದ ಕಾರ್ಯಕ್ರಮವಾಯಿತು. ಒಬ್ಬ ಬಕೆಟ್ಟಿನಲ್ಲಿಟ್ಟ ಪಂಪನ್ನು ಒತ್ತುತ್ತಿದ್ದ. ಇನ್ನೊಬ್ಬ ಉದ್ದನೆಯ ಕೊಳವೆ ಹಿಡಿದು ಗೋಡೆಗೆಲ್ಲ ಸಿಂಪಡಿಸುತ್ತಿದ್ದ. ಹೋಗುವಾಗ ಬಾಗಿಲ ಪಕ್ಕದಲ್ಲಿ ತಾರೀಖು ಬರೆದು ಹೋಗುತ್ತಿದ್ದರು. ಹುಡುಗರಾದ ನಮಗೆ ಅದೊಂದು ಹಬ್ಬ. ಸರಕಾರ ಬಂದದ್ದು ಸೊಳ್ಳೆಗಾಗಿ. ನಮ್ಮ ಮನೆಯ ಹೆಂಗಸರು ಬಾಗಿಲು ತೆರೆದದ್ದು ತಿಗಣೆಗಾಗಿ. ಮರುದಿನ ಕಸ ಹೊಡೆದಾಗ ಮೊರದಲ್ಲಿ ಸತ್ತ ತಿಗಣೆಗಳು ಬಿದ್ದಿದ್ದವು. ಆ ವರ್ಷದ ನಿದ್ರೆಯನ್ನು ನಮ್ಮ ಅಜ್ಜಿ ಬಹುಕಾಲ ಹೊಗಳುತ್ತಿದ್ದಳು.

ಮೂರನೆಯ ಸಲದ ಹೊತ್ತಿಗೆ ಆ ಸುಖ ಮುಗಿದಿತ್ತು. ಔಷಧಿ ಬಿದ್ದ ಮೇಲೆ ತಿಗಣೆಗಳು ಸಾಯದೆ ಕೆರಳಿ ಸಂದುಗಳಿಂದ ಹೊರಬಂದು ಹಗಲಿನಲ್ಲೇ ಗೋಡೆಯ ಮೇಲೆ ಹರಿದಾಡಿದವು. “ಔಷಧಿ ಹೊಡದು ತಗಣಿ ಎಬ್ಬಿಸಿ ಹೋದ್ರು” ಎಂದು ಅಜ್ಜಿ ಬೈದಳು. ಅವಳು ತಪ್ಪು ಹೇಳಿರಲಿಲ್ಲ. ಡಿ.ಡಿ.ಟಿ.ಗೆ ಬಗ್ಗದ ತಿಗಣೆಗಳು 1947ರಲ್ಲಿಯೇ ಹವಾಯಿ ದ್ವೀಪದ ಪರ್ಲ್ ಹಾರ್ಬರಿನಲ್ಲಿ ಕಂಡುಬಂದಿದ್ದವು. ಸಾವಿರ ತಿಗಣೆಗಳಲ್ಲಿ ವಿಷವನ್ನು ತಾಳಿಕೊಂಡ ನಾಲ್ಕಾರು ಉಳಿದರೆ ಸಾಕು, ಮುಂದಿನ ಸಂತತಿಯೆಲ್ಲ ಅವುಗಳದೇ. ಆದರೆ ಇದನ್ನು ನಮಗೆ ತಿಳಿಸಿ ಹೇಳಿದವರಿರಲಿಲ್ಲ. ಮುಂದಿನ ಸಲ ಪಂಪಿನವರು ಬಂದಾಗ ಮನೆಯಲ್ಲಿ ಬಾಣಂತಿ ಇದ್ದಾಳೆಂದು ಒಬ್ಬರು, ದೇವರ ಕೋಣೆ ಎಂದು ಇನ್ನೊಬ್ಬರು ಬಾಗಿಲು ಹಾಕಿಕೊಂಡರು. ಹೊಡೆಸಿಕೊಂಡವರು ಮರುದಿನವೇ ಗೋಡೆಯನ್ನು ಸಾರಿಸಿ ಔಷಧಿಯನ್ನು ಮಣ್ಣಿನಡಿ ಮುಚ್ಚಿದರು. ನಮ್ಮ ಓಣಿಯಲ್ಲಿ ನಡೆದದ್ದು ದೇಶದ ಎಷ್ಟೋ ಊರುಗಳಲ್ಲಿ ನಡೆಯಿತು. 1961ರಲ್ಲಿ ಐವತ್ತು ಸಾವಿರದಷ್ಟಕ್ಕೆ ಇಳಿದಿದ್ದ ಮಲೇರಿಯ ರೋಗಿಗಳ ಸಂಖ್ಯೆ 1976ರಲ್ಲಿ ಅರವತ್ತು ಲಕ್ಷವನ್ನು ಮೀರಿತು. ಅದಕ್ಕೆ ಸೊಳ್ಳೆಯೂ ವಿಷಕ್ಕೆ ಒಗ್ಗಿಕೊಂಡದ್ದು, ಹಣದ ಕೊರತೆ, ಮೇಲ್ವಿಚಾರಣೆಯ ಸಡಿಲು ಎಂದು ಅನೇಕ ಕಾರಣಗಳುಂಟು. ಮುಚ್ಚಿದ ಬಾಗಿಲೂ ಅವುಗಳಲ್ಲಿ ಒಂದು; ಅದನ್ನು ಮುಚ್ಚಿಸಿದ್ದರಲ್ಲಿ ಸಾಯದ ತಿಗಣೆಯ ಪಾಲೂ ಇತ್ತು.

ಡಿ.ಡಿ.ಟಿ. ಸೋತ ಮೇಲೆ ಅಂಗಡಿಯ ಸೀಸೆಗಳು ಬಂದವು. ತಿಗಣೆ ಔಷಧಿ ಎಂಬ ಮಾತು ನಮ್ಮ ಪತ್ರಿಕೆಗಳಲ್ಲಿ ಯಾವ ಬಗೆಯ ಸುದ್ದಿಯಲ್ಲಿ ಬರುತ್ತಿತ್ತೆಂಬುದು ಹಿರಿಯರಿಗೆ ನೆನಪಿರಬಹುದು. ಹುಳುವಿಗೆಂದು ತಂದಿಟ್ಟ ವಿಷ ಮನೆಯ ಮನುಷ್ಯರನ್ನೇ ತೆಗೆದುಕೊಂಡದ್ದುಂಟು. ಇಂದಿಗೂ ಕಾಳಿನ ಗೋದಾಮಿಗೆ ಹಾಕುವ ಗುಳಿಗೆಯನ್ನು ಮಲಗುವ ಕೋಣೆಯಲ್ಲಿಟ್ಟು, ಅದರ ಗಾಳಿಗೆ ಮನೆಯವರು ಸತ್ತ ವಾರ್ತೆಗಳು ಬರುತ್ತಲೇ ಇವೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ ಎಂಬ ಗಾದೆ ಇಲ್ಲಿ ಗಾದೆಯಾಗಿ ಉಳಿದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ನೋಡಬೇಕು. ಬೆಳೆದ ತಿಗಣೆ ಕಾಲಂಗುಲಕ್ಕಿಂತ ಚಿಕ್ಕದು, ಚಪ್ಪಟೆ, ಕಂದುಗೆಂಪು, ರೆಕ್ಕೆಯಿಲ್ಲದ್ದು. ರಕ್ತ ಕುಡಿದಾಗ ಉಬ್ಬಿ ಕೆಂಪಾಗುತ್ತದೆ. ಮರಿ ಬಹಳ ಸಣ್ಣದು, ಬಣ್ಣವಿಲ್ಲದ್ದು. ಮೊಟ್ಟೆ ಬಿಳಿಯ ಗಸಗಸೆಯ ಕಾಳಿನಂತೆ ಸಂದಿಗೆ ಅಂಟಿಕೊಂಡಿರುತ್ತದೆ. ಹುಳು ಕಾಣದಿದ್ದರೂ ಅದರ ಗುರುತುಗಳು ಕಾಣುತ್ತವೆ: ಹಾಸಿಗೆಯ ಹೊಲಿಗೆಯಲ್ಲಿ ಮಸಿಯ ಚುಕ್ಕೆಯಂತಹ ಹಿಕ್ಕೆ, ಬಟ್ಟೆಯ ಮೇಲೆ ಒರಸಿದಂತಹ ರಕ್ತದ ಕಲೆ, ಕಳಚಿಬಿದ್ದ ಪೊರೆ, ಹೆಚ್ಚಾಗಿದ್ದಲ್ಲಿ ಒಂದು ಬಗೆಯ ಕಮಟು ವಾಸನೆ. ಮೈಮೇಲಿನ ದದ್ದನ್ನು ಮಾತ್ರ ನಂಬಿ ತೀರ್ಪು ಕೊಡಬಾರದು. ಒಂದೇ ಹಾಸಿಗೆಯ ಮೇಲೆ ಮಲಗಿದ ಇಬ್ಬರಲ್ಲಿ ಒಬ್ಬರಿಗೆ ಮೈಯೆಲ್ಲ ದದ್ದು ಎದ್ದರೆ ಇನ್ನೊಬ್ಬರಿಗೆ ಏನೂ ಆಗದಿರಬಹುದು. ಕೆಲವರಿಗೆ ಕಚ್ಚಿದ ಎಷ್ಟೋ ದಿನಗಳ ಮೇಲೆ ತುರಿಕೆ ಏಳುತ್ತದೆ. ಆದ್ದರಿಂದ ಯಾರು ಬಂದ ಮೇಲೆ ತುರಿಕೆ ಬಂತು ಎಂಬ ಲೆಕ್ಕ ನಂಬಲಾಗದ ಲೆಕ್ಕ. ಈ ಒಂದು ಮಾತನ್ನು ದಯವಿಟ್ಟು ನೆನಪಿಡಿ.

ಎರಡನೆಯದು ಶಾಖ. ಐವತ್ತು ಡಿಗ್ರಿ ಸೆಂಟಿಗ್ರೇಡಿಗೆ ಮೇಲ್ಪಟ್ಟ ಬಿಸಿಯನ್ನು ತಿಗಣೆಯಾಗಲಿ ಅದರ ಮೊಟ್ಟೆಯಾಗಲಿ ಹೆಚ್ಚು ಹೊತ್ತು ತಾಳಲಾರದು. ಹೊರಸನ್ನು ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು, ಕೀಲುಗಳಿಗೆ ಕುದಿಯುವ ನೀರು ಹೊಯ್ಯುತ್ತಿದ್ದ ನಮ್ಮ ಅಜ್ಜಿಯ ಪದ್ಧತಿ ಶಾಸ್ತ್ರಕ್ಕೆ ಒಪ್ಪುವಂಥದೇ. ಬರಿಯ ಬಿಸಿಲು ಸಾಲದು. ನಮ್ಮ ಕಡೆಯ ಬೈಸಾಖದ ಬಿಸಿಲಿಗೂ ತಿಗಣೆ ಗಾದಿಯ ನೆರಳಿನ ಬದಿಗೆ ಸರಿದು ಜೀವ ಉಳಿಸಿಕೊಳ್ಳುತ್ತದೆ. ಹಾಸು ಹೊದಿಕೆಗಳನ್ನು ಬಿಸಿನೀರಿನಲ್ಲಿ ಮುಳುಗಿಸಿ ಒಗೆಯಬೇಕು. ಮಂಚವನ್ನು ಗೋಡೆಯಿಂದ ದೂರಕ್ಕೆಳೆದು, ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿ, ಹೊದಿಕೆ ನೆಲಕ್ಕೆ ತಾಗದಂತೆ ನೋಡಿಕೊಳ್ಳಬೇಕು. ಗೋಡೆಯ ಬಿರುಕುಗಳನ್ನು ಮೆತ್ತಿ ಮುಚ್ಚಬೇಕು. ಯುರೋಪಿನ ಬಾಲ್ಕನ್ ನಾಡುಗಳಲ್ಲಿ ಹಿಂದೆ ರಾತ್ರಿ ಮಂಚದ ಸುತ್ತ ಹುರುಳಿಯ ಜಾತಿಗೆ ಸೇರಿದ ಬೀನ್ಸಿನ ಎಲೆಗಳನ್ನು ಹರವಿ, ಬೆಳಗ್ಗೆ ಗುಡಿಸಿ ಸುಡುತ್ತಿದ್ದರು. ಎಲೆಯ ಮೇಲಿನ ಕೊಕ್ಕೆಯಂತಹ ಸಣ್ಣ ಕೂದಲುಗಳಿಗೆ ತಿಗಣೆಯ ಕಾಲು ಸಿಕ್ಕಿಬೀಳುವುದನ್ನು 2013ರಲ್ಲಿ ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದಾರೆ.

ಮೂರನೆಯದು ತಾಳ್ಮೆ. ಮೊಟ್ಟೆಯೊಡೆಯಲು ವಾರದಿಂದ ಎರಡು ವಾರ ಹಿಡಿಯುತ್ತದೆ. ಹೊಟ್ಟೆಗಿಲ್ಲದೆಯೂ ತಿಗಣೆ ತಿಂಗಳುಗಟ್ಟಲೆ ಬದುಕುತ್ತದೆ. ಆದ್ದರಿಂದ ಈ ಕೆಲಸವನ್ನು ಒಮ್ಮೆ ಮಾಡಿ ಕೈತೊಳೆದುಕೊಳ್ಳುವಂತಿಲ್ಲ. ವಾರಕ್ಕೊಮ್ಮೆಯಂತೆ ನಾಲ್ಕಾರು ಸಲ ಮಾಡಬೇಕು. ಗೋಡೆಗೆ ಗೋಡೆ ತಾಗಿದ ಮನೆಗಳಾದರೆ ನೆರೆಯವರಿಗೂ ಹೇಳಿ ಒಟ್ಟಿಗೆ ಮಾಡಬೇಕು. ಕೀಟನಾಶಕ ಬೇಕೇ ಬೇಕೆಂದಾದರೆ ಬಲ್ಲವರ ಕೈಯಿಂದ ಹಾಕಿಸಿ, ಅವರು ಹೇಳಿದಷ್ಟು ಕಾಲ ಕೋಣೆಯನ್ನು ತೆರವಾಗಿಡಬೇಕು. ಇವುಗಳಲ್ಲಿ ಕಠಿಣವಾದದ್ದು ನೀರು ಕಾಯಿಸುವುದಲ್ಲ, ನೆರೆಯವರಿಗೆ ಹೇಳುವುದು. ನಾವು ನಾಚಿಕೊಂಡು ಸುಮ್ಮನಿದ್ದಷ್ಟು ದಿನವೂ ತಿಗಣೆಗೆ ಅವಕಾಶವೇ.

ಇನ್ನು ನನ್ನ ತಪ್ಪಿನ ಮಾತು. 1965ರ ಮುಂಗಾರು ಕೈಕೊಟ್ಟಿತ್ತು. ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದ ಒಂದು ಕುಟುಂಬ ತುಂಗಭದ್ರೆಯ ಕಾಲುವೆಯ ಸೀಮೆಗೆ, ಗಂಗಾವತಿಯ ಕಡೆಗೆ ಗುಳೆ ಹೋಗಿ, 1966ರ ಬೇಸಿಗೆಯಲ್ಲಿ ಮರಳಿ ಬಂದಿತು. ಅವರ ಮನೆಯ ಮಾಳಿಗೆ ಕುಸಿದಿದ್ದರಿಂದ ನಾಲ್ಕು ರಾತ್ರಿ ನಮ್ಮ ಮನೆಯ ಕಟ್ಟೆಯ ಮೇಲೆ ಮಲಗಿದರು. ಆ ಹೊತ್ತಿಗೇ ಮನೆಯಲ್ಲಿ ತಿಗಣೆ ಕಾಣಿಸಿಕೊಂಡಿತು. ಯಾರೂ ವಿಚಾರಿಸಲಿಲ್ಲ. ಗುಳೆ ಹೋದವರ ಗಂಟಿನಲ್ಲಿ ಬಂದಿದೆಯೆಂದು ಮನೆಯವರೆಲ್ಲ ಒಂದೇ ಮಾತಿನಿಂದ ನಿಶ್ಚಯಿಸಿದರು. ಅವರ ಕೌದಿಯನ್ನು ಹಿತ್ತಿಲಿಗೆ ಒಯ್ದು ಬೆಂಕಿಗೆ ಹಾಕುವಾಗ ಆ ಹೆಣ್ಣುಮಗಳು ನಮ್ಮ ಅವ್ವನ ಮುಂದೆ ನಿಂತು, “ಅವ್ವಾರ, ಇದು ನಮ್ಮವ್ವನ ಸೀರಿ ಹಾಕಿ ಹೊಲಿದ ಕೌದಿ ಐತ್ರಿ. ತಗಣಿ ಇದ್ರ ತೋರಸ್ರಿ, ನಾನ ಸುಡ್ತೀನಿ” ಎಂದಳು. ಯಾರೂ ತೋರಿಸಲಿಲ್ಲ. ಕೌದಿ ಸುಟ್ಟುಹೋಯಿತು.

ಅದಕ್ಕೆ ಹತ್ತು ದಿನ ಮೊದಲು ನಾನು ಓದುತ್ತಿದ್ದ ಊರಿನ ವಿದ್ಯಾರ್ಥಿನಿಲಯದಿಂದ ರಜೆಗೆ ಬಂದಿದ್ದೆ. ಅಲ್ಲಿ ರಾತ್ರಿ ದೀಪ ಹಚ್ಚಿಕೊಂಡು ತಿಗಣೆ ಹುಡುಕುವುದು ನಮಗೆ ಪರೀಕ್ಷೆಯ ಓದಿನಷ್ಟೇ ರೂಢಿಯಾಗಿತ್ತು. ನನ್ನ ಹಾಸಿಗೆಯ ಸುರುಳಿ ಪಡಸಾಲೆಯ ಮೂಲೆಯಲ್ಲಿತ್ತು. ಅದರ ಹೊಲಿಗೆಯಲ್ಲಿ ಮಸಿಯ ಚುಕ್ಕೆಗಳಿದ್ದುದನ್ನು ನಾನು ಕಂಡಿದ್ದೆ. ಹಿತ್ತಿಲಲ್ಲಿ ಬೆಂಕಿ ಉರಿಯುವಾಗ ನಾನು ಅಲ್ಲಿಯೇ ನಿಂತಿದ್ದೆ; ಬಾಯಿ ಬಿಡಲಿಲ್ಲ. ಕಲಿಯಲು ಹೋದ ಮಗ ತಿಗಣೆ ತಂದನೆನ್ನಿಸಿಕೊಳ್ಳಲು ನಾಚಿಕೆಯಾಯಿತು.

ವಾರದೊಳಗೆ ಅವ್ವ ಆ ಸುರುಳಿಯನ್ನು ಬಿಚ್ಚಿದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಹಂಡೆಯಲ್ಲಿ ನೀರು ಕಾಯಿಸಿ, ಹಾಸಿಗೆಯನ್ನೆಲ್ಲ ತಾನೇ ಮುಳುಗಿಸಿದಳು. ಮರುದಿನ ಎರಡು ಸೀರೆಗಳನ್ನು ಮಡಚಿಕೊಂಡು ಆ ಹೆಣ್ಣುಮಗಳ ಮನೆಗೆ ಹೋಗಿಬಂದಳು. ಆಕೆ ಸೀರೆಗಳನ್ನು ತೆಗೆದುಕೊಂಡಳಂತೆ, ಅವ್ವನಿಗೆ ಕುಡಿಯಲು ನೀರು ಕೊಟ್ಟಳಂತೆ. ಮುಂದೆಯೂ ಹಲವು ವರ್ಷ ನಮ್ಮ ಹೊಲಕ್ಕೆ ಕೆಲಸಕ್ಕೆ ಬಂದಳು. ನಮ್ಮ ಕಟ್ಟೆಯ ಮೇಲೆ ಮಾತ್ರ ಮತ್ತೆ ಎಂದೂ ಮಲಗಲಿಲ್ಲ. ನಾನು ಆಕೆಗೆ ನಿಜ ಹೇಳಬಹುದಾಗಿತ್ತು. ಹೇಳಲಿಲ್ಲ. ಈಗ ಆಕೆಯೂ ಇಲ್ಲ, ಅವ್ವನೂ ಇಲ್ಲ.

ಶತಮಾನ ಮುಗಿಯುವ ಹೊತ್ತಿಗೆ ತಿಗಣೆ ಹೋಯಿತೆಂದೇ ಲೋಕದ ಅನೇಕ ಕಡೆ ನಂಬಿದ್ದರು; ಅದು ಹೊಸ ವಿಷಗಳಿಗೂ ಒಗ್ಗಿಕೊಂಡು ಮರಳಿ ಬಂದಿದೆ. 2023ರಲ್ಲಿ ಪ್ಯಾರಿಸ್ ನಗರವೇ ಅದರ ಮಾತಿನಿಂದ ಗಾಬರಿಗೊಂಡಿತ್ತು. ನಮ್ಮ ಕುಷ್ಟಗಿಯಿಂದ ಇಂದಿಗೂ ಜನ ಬೆಂಗಳೂರು, ಮಂಗಳೂರು, ಗೋವೆಗಳಿಗೆ ದುಡಿಯಲು ಹೋಗುತ್ತಾರೆ. ಮಕ್ಕಳು ದೂರದ ಊರುಗಳಲ್ಲಿದ್ದು ಓದುತ್ತಾರೆ. 2025ರಲ್ಲಿ ಊರಿಗೆ ರೈಲೂ ಬಂದಿದೆ. ಪಯಣಿಸುವವರಿರುವ ತನಕ ಹಾಸಿಗೆಯ ಸುರುಳಿಯೊಡನೆ ತಿಗಣೆಯೂ ಪಯಣಿಸುತ್ತದೆ. ಅದು ಕೂಲಿಯವನ ಗಂಟು, ಅಧಿಕಾರಿಯ ಪೆಟ್ಟಿಗೆ ಎಂಬ ಭೇದ ಮಾಡುವುದಿಲ್ಲ. ಬೆಚ್ಚಗಿನ ಮೈ, ಹತ್ತಿರದಲ್ಲೊಂದು ಸಂದು, ಇಷ್ಟೇ ಅದರ ಬೇಡಿಕೆ.

ಆದ್ದರಿಂದ ಶ್ರೋತೃಗಳೇ, ನಾಳೆ ನಿಮ್ಮ ಮನೆಯಲ್ಲಿ ತಿಗಣೆ ಕಂಡರೆ ಯಾರು ತಂದರೆಂದು ಕೇಳುವ ಮೊದಲು ದೀಪ ಹಿಡಿದು ನಿಮ್ಮ ಮಂಚದ ಸಂದನ್ನೇ ನೋಡಿ. ನೀರು ಕಾಯಲು ಇಡಿ. ಪಕ್ಕದ ಮನೆಯವರಿಗೆ ತಿಳಿಸಿ. ಆ ಕೌದಿಯಲ್ಲಿ ತಿಗಣೆ ಇತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಅದನ್ನು ಬಿಡಿಸಿ ನೋಡುವಷ್ಟು ಹೊತ್ತು ಅಂದು ನಮ್ಮಲ್ಲಿ ಯಾರೂ ತಾಳಲಿಲ್ಲ.